ಪೂರು ಹೊತ್ತ ವಯಸ್ಸು

ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಕುಣಿಮಗ್ಗ ಇರುವ ಮನೆಯೊಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ನೆಲದಲ್ಲಿ ಅಗೆದ ಕುಣಿ. ನೇಯುವವರು ಅದರ ಅಂಚಿನಲ್ಲಿ ಕುಳಿತು ಕಾಲುಗಳನ್ನು ಒಳಗೆ ಇಳಿಬಿಡುತ್ತಾರೆ. ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದು ತುಳಿದಾಗ ಹಾಸಿನ ಎಳೆಗಳು ಬಾಯಿ ಬಿಡುತ್ತವೆ, ಆ ಬಾಯೊಳಗಿಂದ ಲಾಳಿ ಹಾಯುತ್ತದೆ. ಲಾಳಿಯೊಳಗಿನ ಕಂಡಿಕೆ ಸುತ್ತಿಕೊಡುವ ಕೆಲಸ ಮೊದಲಿನಿಂದಲೂ ಮನೆಯ ಮುದುಕಿಯರದು ಮತ್ತು ಮಕ್ಕಳದು. ಗೋಡೆಯ ಪಕ್ಕಕ್ಕೆ ರಾಟಿ, ರಾಟಿಯ ಮುಂದೆ ಮಗು. ಒಂದು ಕೈ ಚಕ್ರ ತಿರುಗಿಸುತ್ತದೆ, ಇನ್ನೊಂದು ಕೈಯ ಎರಡು ಬೆರಳ ನಡುವೆ ನೂಲು ಓಡುತ್ತದೆ. ಹಿಡಿತ ಸಡಿಲಾದರೆ ಕಂಡಿಕೆ ಮೆತ್ತಗಾಗುತ್ತದೆ, ಬಿಗಿಯಾದರೆ ಎಳೆ ಹರಿಯುತ್ತದೆ. ಇಂಥ ಮನೆಯಲ್ಲಿ ಹುಡುಗ ಎಷ್ಟು ಬೆಳೆದ ಎಂದು ತಿಳಿಯಲು ಗೋಡೆಯ ಮೇಲೆ ಗೆರೆ ಎಳೆಯಬೇಕಾಗಿಲ್ಲ. ಕಾಲು ಕುಣಿಯ ಹಲಗೆಗೆ ಮುಟ್ಟುತ್ತದೋ ಇಲ್ಲವೋ, ಅಷ್ಟೇ ಲೆಕ್ಕ.

ದೊಡ್ಡವರಾಗಲು ಒಲ್ಲದವರ ಕಾದಂಬರಿಗಳ ಕುರಿತ ಈ ದತ್ತಿ ಉಪನ್ಯಾಸ ಮಗ್ಗದ ಮನೆಯಿಂದ ಆರಂಭವಾಗುವುದಕ್ಕೆ ಕಾರಣವಿದೆ. ಬೆಳೆಯಲೋ ಬೇಡವೋ ಎಂದು ಕುಳಿತು ಯೋಚಿಸಲು ಬಿಡುವು ಬೇಕು. ಧನ್ವಾಡ, ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಬಹಳಷ್ಟು ಮಕ್ಕಳಿಗೆ ಆ ಬಿಡುವು ಸಿಕ್ಕಿದ್ದಿಲ್ಲ. ಸಿಕ್ಕವರಿಗೆ ಅದು ಎಲ್ಲಿಂದ ಬಂತು, ಯಾರ ಪಾಲಿನದು ಅವರ ಕೈಸೇರಿತು ಎಂದು ಕೇಳುತ್ತ ಹೋದರೆ ಕನ್ನಡದ ಕೆಲವು ಅತ್ಯುತ್ತಮ ಕೃತಿಗಳ ಒಳಕೋಣೆಗೆ ದಾರಿ ಸಿಗುತ್ತದೆ.

ಮೊದಲು ಆಡುವ ಮಾತನ್ನೇ ಗಮನಿಸಬೇಕು. ಕಾಲಿಗೆ ಬಿದ್ದ ಹುಡುಗನ ತಲೆ ಮುಟ್ಟಿ ಹಿರಿಯರು 'ದೊಡ್ಡಾಂವ ಆಗಪ್ಪ' ಎನ್ನುತ್ತಾರೆ. ಅದು ಹಾರೈಕೆ. ಅದೇ ಮಾತು ಹುಡುಗಿಯ ಮಟ್ಟಿಗೆ ಸುದ್ದಿ. 'ಅಕಿ ದೊಡ್ಡಾಕಿ ಆದಳಂತ' ಎಂದರೆ ಮೈನೆರೆದಳು ಎಂದೇ ಅರ್ಥ. ಓಣಿಗೆಲ್ಲ ತಿಳಿಯುವ, ಆರತಿ ಮಾಡಿ ಮೂಲೆಯಲ್ಲಿ ಕೂರಿಸುವ ಸುದ್ದಿ. ಹುಡುಗನ ದೊಡ್ಡತನಕ್ಕೆ ತಾರೀಖಿಲ್ಲ, ಅದು ಎಷ್ಟು ವರ್ಷವಾದರೂ ಮುಂದಕ್ಕೆ ಹೋಗಬಹುದು. ಹುಡುಗಿಯದು ಒಂದು ಬೆಳಗಿನಲ್ಲಿ ನಡೆದುಹೋಗುತ್ತದೆ. ಮೂವತ್ತು ದಾಟಿದ ಮಗನನ್ನು ಅವ್ವ 'ಇನ್ನಾ ಸಣ್ಣಾಂವ ಅದಾನ, ಹೋಗ್ಲಿ ಬಿಡ್ರಿ' ಎಂದು ಕಾಯುವ ಮನೆಯಲ್ಲೇ ಹನ್ನೆರಡರ ಮಗಳಿಗೆ 'ಇಷ್ಟ ದೊಡ್ಡಾಕಿ ಆಗೀದಿ, ತಿಳಿಯಂಗಿಲ್ಲೇನು' ಎಂಬ ಗದರಿಕೆ. ಒಂದೇ ಕ್ರಿಯಾಪದ, ಎರಡು ಲೆಕ್ಕ. ಕನ್ನಡ ಕಾದಂಬರಿ ಈ ಎರಡು ಲೆಕ್ಕಗಳನ್ನು ಬಹಳ ನಿಷ್ಠೆಯಿಂದ ಬರೆದಿಟ್ಟಿದೆ.

ಬೆಳವಣಿಗೆಯ ಕಾದಂಬರಿಗೆ ಜರ್ಮನ್ನರು ಇಟ್ಟ ಹೆಸರು ಬಿಲ್ಡುಂಗ್ಸ್‌ರೊಮಾನ್. ಗಯಟೆಯ 'ವಿಲ್‌ಹೆಲ್ಮ್ ಮೈಸ್ಟರ್' 1795-96ರಲ್ಲಿ ಬಂತು. ಕಾರ್ಲ್ ಮಾರ್ಗೆನ್‌ಸ್ಟರ್ನ್ ಎಂಬ ಪ್ರಾಧ್ಯಾಪಕ 1819ರಲ್ಲಿ ಈ ಪ್ರಕಾರದ ಸ್ವರೂಪವನ್ನು ಬಿಡಿಸಿಟ್ಟ. ಅದೂ ಒಂದು ಉಪನ್ಯಾಸದಲ್ಲೇ ಎಂಬುದು ಇಲ್ಲಿ ನೆನೆಯಲು ಹಿತವಾದ ಸಂಗತಿ. ಆ ಮಾದರಿಯಲ್ಲಿ ತರುಣನೊಬ್ಬ ಮನೆ ಬಿಡುತ್ತಾನೆ, ಎಡವುತ್ತಾನೆ, ಕಲಿಯುತ್ತಾನೆ, ಕೊನೆಗೆ ಲೋಕದಲ್ಲಿ ತನ್ನ ಜಾಗ ಹಿಡಿದು ಕೂರುತ್ತಾನೆ. ಇಪ್ಪತ್ತನೆಯ ಶತಮಾನದ ಲೇಖಕರಿಗೆ ಈ ಕೊನೆಯ ಕೂರುವಿಕೆಯ ಮೇಲೆ ನಂಬಿಕೆ ಹೊರಟುಹೋಯಿತು. ಜೆ. ಎಂ. ಬ್ಯಾರಿಯ ಪೀಟರ್ ಪ್ಯಾನ್ 1904ರಲ್ಲಿ ಲಂಡನ್ನಿನ ರಂಗದ ಮೇಲೆ, 1911ರಲ್ಲಿ ಪುಸ್ತಕದೊಳಗೆ, ಬೆಳೆಯಲಾರೆ ಎಂದು ಹಾರಿಹೋದ. ಸ್ಯಾಲಿಂಜರ್‌ನ ಹೋಲ್ಡನ್ 1951ರಲ್ಲಿ ದೊಡ್ಡವರ ಲೋಕವೇ ಸೋಗಿನದು ಎಂದು ನ್ಯೂಯಾರ್ಕಿನ ಬೀದಿ ಅಲೆದ. ಇಟಾಲೊ ಕಾಲ್ವಿನೊ 1957ರಲ್ಲಿ ಬರೆದ ಕಾದಂಬರಿಯ ಹನ್ನೆರಡರ ಹುಡುಗ ಕೊಸಿಮೊ ಊಟದ ಮೇಜಿನಿಂದ ಎದ್ದು ಮರ ಹತ್ತಿದವನು ಮತ್ತೆ ನೆಲಕ್ಕೆ ಕಾಲಿಡಲಿಲ್ಲ. 1959ರ 'ತಗಡಿನ ಡೋಲು' ಕಾದಂಬರಿಯಲ್ಲಿ ಗುಂಟರ್ ಗ್ರಾಸ್‌ನ ಆಸ್ಕರ್ ತನ್ನ ಮೂರನೆಯ ಹುಟ್ಟುಹಬ್ಬಕ್ಕೆ ಇನ್ನು ಬೆಳೆಯುವುದಿಲ್ಲ ಎಂದು ನಿಶ್ಚಯಿಸಿದ. ಅವನ ಸುತ್ತಲಿನ ದೊಡ್ಡತನ ಅಷ್ಟು ಹೇಸಿಗೆಯದಾಗಿತ್ತು.

ಇವೆಲ್ಲ ದೊಡ್ಡ ಕೃತಿಗಳು. ಆದರೂ ಪೀಟರ್ ಪ್ಯಾನ್ ಕಥೆಯನ್ನು ಮಗ್ಗದ ಮನೆಯ ಕಡೆಯಿಂದ ಓದಿದರೆ ಕಣ್ಣು ಪೀಟರನ ಮೇಲೆ ನಿಲ್ಲುವುದಿಲ್ಲ, ವೆಂಡಿಯ ಮೇಲೆ ನಿಲ್ಲುತ್ತದೆ. ಪೀಟರ್ ಮತ್ತು ಅವನ ಹುಡುಗರು ಸದಾ ಚಿಕ್ಕವರಾಗಿ ಉಳಿಯಬೇಕಾದರೆ ಅವರಿಗೆ ಕಥೆ ಹೇಳಿ ಮಲಗಿಸಲು, ಹರಿದ ಕಾಲುಚೀಲ ಹೊಲಿದುಕೊಡಲು ಒಬ್ಬಳು ತಾಯಿ ಬೇಕು. ಆ ತಾಯಿಯೂ ಚಿಕ್ಕ ಹುಡುಗಿಯೇ. ಬೆಳೆಯಲಾರೆ ಎಂದವನ ಪಾಲಿನ ವಯಸ್ಸು ಎಲ್ಲೋ ಮಾಯವಾಗಿ ಹೋಗುವುದಿಲ್ಲ. ಪಕ್ಕದಲ್ಲಿದ್ದವರ ಹೆಗಲಿಗೆ ಬೀಳುತ್ತದೆ.

ಈ ಮಾತು ನಮ್ಮ ಕಡೆ ಬಹಳ ಹಳೆಯದು. ಮಹಾಭಾರತದ ಆದಿಪರ್ವದಲ್ಲಿ ಯಯಾತಿಯ ಕಥೆ ಇದೆ. ಶುಕ್ರಾಚಾರ್ಯರ ಶಾಪದಿಂದ ಅಕಾಲ ಮುಪ್ಪು ಬಂದಾಗ ಅವನು ಐವರು ಮಕ್ಕಳನ್ನು ಕರೆದು ತನ್ನ ಮುಪ್ಪನ್ನು ತೆಗೆದುಕೊಂಡು ಯೌವನ ಕೊಡಿ ಎಂದು ಬೇಡಿದ. ಯದು, ತುರ್ವಸು, ದ್ರುಹ್ಯು, ಅನು ಒಪ್ಪಲಿಲ್ಲ. ಕಿರಿಯವನಾದ ಪೂರು ಒಪ್ಪಿದ. ಪುರಾಣದಲ್ಲಿ ಇದು ಪಿತೃಭಕ್ತಿಯ ಕಥೆ, ಪೂರುವಿಗೆ ರಾಜ್ಯ ಬಹುಮಾನ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅಕ್ಕಪಕ್ಕದ ಎರಡು ಭಾಷೆಗಳು ಎರಡು ವರ್ಷದ ಅಂತರದಲ್ಲಿ ಈ ಕಥೆಯನ್ನು ಮತ್ತೆ ಕೈಗೆತ್ತಿಕೊಂಡವು. ವಿ. ಸ. ಖಾಂಡೇಕರರ ಮರಾಠಿ ಕಾದಂಬರಿ 'ಯಯಾತಿ' 1959ರಲ್ಲಿ ಬಂತು, 1974ರಲ್ಲಿ ಜ್ಞಾನಪೀಠ ಪಡೆಯಿತು. ಗಿರೀಶ ಕಾರ್ನಾಡರ ನಾಟಕ 'ಯಯಾತಿ' 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಹೊರಬಂತು. ಖಾಂಡೇಕರರು ಭೋಗದ ದಣಿವನ್ನು ಕಂಡರು. ಕಾರ್ನಾಡರು ಮಗನ ಮೇಲೆ ಬಿದ್ದ ಭಾರವನ್ನು ಕಂಡರು.

ನಾಟಕ ಬರೆದಾಗ ಕಾರ್ನಾಡರಿಗೆ ಇಪ್ಪತ್ತೆರಡರ ಆಸುಪಾಸು. ಆಕ್ಸ್‌ಫರ್ಡಿಗೆ ಹೊರಡುವ ಹೊತ್ತು, ವಿದೇಶಕ್ಕೆ ಹೋಗುವ ಮಗನ ಬಗ್ಗೆ ಮನೆಯವರಿಗಿದ್ದ ಆತಂಕದ ಹೊತ್ತು. ಹಿರಿಯರ ನಿರೀಕ್ಷೆಯನ್ನು ತಾನೇ ಹೊರಲಾರದ ಆ ತರುಣ ಅದನ್ನು ಪೂರುವಿನ ಬೆನ್ನ ಮೇಲೆ ಇಟ್ಟು ನೋಡಿದಂತಿದೆ. ಅವರು ಮೂಲಕ್ಕೆ ಸೇರಿಸಿದ ಬಲವಾದ ಪಾತ್ರ ಚಿತ್ರಲೇಖೆ, ಪೂರುವಿನ ಹೊಸ ಹೆಂಡತಿ. ಮದುವೆಯಾಗಿ ಬಂದವಳ ಮುಂದೆ ಗಂಡ ಮುದುಕನಾಗಿ ನಿಂತಿದ್ದಾನೆ, ಮಾವ ತರುಣನಾಗಿ ಓಡಾಡುತ್ತಿದ್ದಾನೆ. ನನ್ನ ಗಂಡನ ಯೌವನ ನಿನ್ನಲ್ಲಿರುವಾಗ ನನ್ನ ಬದುಕಿಗೆ ಉತ್ತರ ಹೇಳು ಎಂದು ಅವಳು ಯಯಾತಿಯನ್ನೇ ಕೇಳುತ್ತಾಳೆ. ಅವನ ಬಳಿ ಉತ್ತರವಿಲ್ಲ. ಅವಳು ವಿಷ ಕುಡಿಯುತ್ತಾಳೆ. ಅಪ್ಪ ಮತ್ತು ಮಗನ ನಡುವಿನ ಕೊಡುಕೊಳ್ಳುವಿಕೆಯಲ್ಲಿ ಮೂರನೆಯವಳ ಜೀವ ಹೋಗುತ್ತದೆ. ಆಮೇಲೆ ಯಯಾತಿ ಮುಪ್ಪನ್ನು ಹಿಂದಕ್ಕೆ ಪಡೆಯುತ್ತಾನೆ, ಆದರೆ ಹೊತ್ತು ಮೀರಿದೆ. ಹೀಗೆ ನಾಟಕ ಬರೆದ ಲೇಖಕ ಅರ್ಧ ಶತಮಾನದ ನಂತರ, 2011ರಲ್ಲಿ, ಆತ್ಮಕಥೆಗೆ ಇಟ್ಟ ಹೆಸರು 'ಆಡಾಡತ ಆಯುಷ್ಯ'. ಆಡುತ್ತ ಆಡುತ್ತಲೇ ಆಯುಷ್ಯ ಕಳೆಯಿತು ಎಂಬ ಆ ಶೀರ್ಷಿಕೆಯಲ್ಲಿ ಸಂತೋಷವಿದೆ. ಅದರ ಪಕ್ಕದಲ್ಲಿ 'ಯಯಾತಿ' ಇಟ್ಟು ಓದಿದರೆ ಒಂದೇ ಮನಸ್ಸು ಎರಡು ತುದಿಯಿಂದ ಒಂದೇ ಪ್ರಶ್ನೆಯನ್ನು ಮುಟ್ಟಿದ್ದು ಕಾಣುತ್ತದೆ.

ಯಯಾತಿಯ ಅರಮನೆಯನ್ನು ತುಮಕೂರು ಕಡೆಯ ಒಂದು ಶಾನುಭೋಗರ ಮನೆಗೆ ಇಳಿಸಿದರೆ ಎಸ್. ಎಲ್. ಭೈರಪ್ಪನವರ 'ಗೃಹಭಂಗ' ಎದುರಾಗುತ್ತದೆ. 1970ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಸಾಮಾನ್ಯವಾಗಿ ನಂಜಮ್ಮನ ದುರಂತವೆಂದು ಓದುತ್ತಾರೆ. ಅದು ನಿಜ. ಅದರ ಜೊತೆಗೆ, ಬೆಳೆಯದ ಗಂಡಸಿನ ಬಗ್ಗೆ ಕನ್ನಡದಲ್ಲಿ ಬಂದ ಅತ್ಯಂತ ನಿಷ್ಠುರ ಚಿತ್ರವೂ ಅದೇ. ಚೆನ್ನಿಗರಾಯನಿಗೆ ಮದುವೆಯಾಗಿದೆ, ಮಕ್ಕಳಾಗಿವೆ, ಶಾನುಭೋಗಿಕೆ ಇದೆ. ಲೆಕ್ಕ ಬರೆಯಲು ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ. ತಾಯಿ ಗಂಗಮ್ಮನ ಬಾಯಲ್ಲಿ ಬೈಗುಳ, ಮಗನ ಬಾಯಲ್ಲಿ ತುತ್ತು. ಎಲೆಯ ಮುಂದೆ ಕುಳಿತರೆ ಅವನಿಗೆ ಬೇರೆ ಲೋಕ ಕಾಣುವುದಿಲ್ಲ. ಅವನಿಗೆ ಹಟ ಇದೆ, ಹಸಿವು ಇದೆ, ಭಯ ಇದೆ. ನಾಳೆ ಎಂಬುದು ಇಲ್ಲ. ತಮ್ಮ ಅಪ್ಪಣ್ಣಯ್ಯನೂ ಅದೇ ಪಾಠಶಾಲೆಯವನು.

ಹಾಗಾದರೆ ಆ ಮನೆಯಲ್ಲಿ ದೊಡ್ಡವರು ಯಾರು? ಹುಡುಗಿಯಾಗಿ ಮದುವೆಯಾಗಿ ಬಂದ ನಂಜಮ್ಮ. ಗಂಡನ ಹೆಸರಿನ ಶಾನುಭೋಗಿಕೆಯ ಲೆಕ್ಕವನ್ನು ಅವಳು ಬರೆಯುತ್ತಾಳೆ. ಮುತ್ತುಗದ ಎಲೆ ತಂದು, ಹಚ್ಚಿ, ಕಟ್ಟು ಕಟ್ಟಿ ಮಾರುತ್ತಾಳೆ. ಇಲ್ಲಿ ಕಾದಂಬರಿಯ ಕೈಕೆಲಸವನ್ನು ಹತ್ತಿರದಿಂದ ನೋಡಬೇಕು. ಎಲೆ ಹಚ್ಚುವುದೆಂದರೆ ಒಂದು ಎಲೆಯ ಅಂಚನ್ನು ಇನ್ನೊಂದರ ಮೇಲೆ ಇಟ್ಟು ಕಡ್ಡಿ ಚುಚ್ಚಿ ಕೂಡಿಸುವುದು. ಒಂದು ಊಟದೆಲೆಗೆ ಹಲವು ಎಲೆ, ಹಲವು ಚುಚ್ಚು. ತಿನ್ನುವುದನ್ನು ಬಿಟ್ಟು ಬೇರೆ ಅರಿಯದ ಗಂಡ ಒಂದು ಕಡೆ, ತಿನ್ನುವ ಎಲೆಯನ್ನೇ ಕೂಡಿಸಿ ಮಾರಿ ಮಕ್ಕಳನ್ನು ಸಾಕುವ ಹೆಂಡತಿ ಇನ್ನೊಂದು ಕಡೆ. ಭೈರಪ್ಪನವರು ಈ ಜೋಡಣೆಯ ಬಗ್ಗೆ ವ್ಯಾಖ್ಯಾನ ಮಾಡುವುದಿಲ್ಲ, ಕೆಲಸವನ್ನಷ್ಟೇ ವರ್ಣಿಸುತ್ತಾರೆ. ಓದುಗನ ಬೆರಳಿಗೆ ಕಡ್ಡಿ ಚುಚ್ಚಿದಂತಾಗುತ್ತದೆ.

ಪ್ಲೇಗು ಬಂದು ಮಕ್ಕಳಾದ ಪಾರ್ವತಿ, ರಾಮಣ್ಣ ಹೋಗುತ್ತಾರೆ, ಆಮೇಲೆ ನಂಜಮ್ಮ. ಉಳಿಯುವವನು ಚಿಕ್ಕ ಹುಡುಗ ವಿಶ್ವ. ಬೆಳೆಯದ ಅಪ್ಪನ ಮನೆಯಲ್ಲಿ ಅವನು ಉಳಿದರೆ ಬದುಕುವುದಿಲ್ಲ ಎಂದು ಅರಿತ ಮಾದೇವಯ್ಯನವರು, ರಕ್ತಸಂಬಂಧವಿಲ್ಲದ ಆ ಅಯ್ಯನವರು, ಹುಡುಗನನ್ನು ಕರೆದುಕೊಂಡು ಊರು ಬಿಡುತ್ತಾರೆ. ಜರ್ಮನ್ ಮಾದರಿಯಲ್ಲಿ ಮನೆ ಬಿಡುವುದು ಕಾದಂಬರಿಯ ಮೊದಲ ಅಧ್ಯಾಯ. ಇಲ್ಲಿ ಅದು ಕೊನೆಯದು. ಬೆಳೆಯಲು ಬೇಕಾದ ಕನಿಷ್ಠ ಜಾಗ ಹುಡುಗನಿಗೆ ಸಿಗಬೇಕಾದರೆ ಒಂದು ಇಡೀ ಮನೆ ಮುರಿಯಬೇಕಾಯಿತು. ತಾಯಿಯನ್ನೂ ಒಡಹುಟ್ಟಿದವರನ್ನೂ ಬಾಲ್ಯದಲ್ಲೇ ಪ್ಲೇಗಿಗೆ ಕಳೆದುಕೊಂಡ ಲೇಖಕರು ಇದನ್ನು ಬರೆದರು ಎಂಬುದು ಅವರ ಆತ್ಮಕಥೆ 'ಭಿತ್ತಿ' ಓದಿದವರಿಗೆ ತಿಳಿದದ್ದೇ. ಆ ಹಿನ್ನೆಲೆ ಗೊತ್ತಿಲ್ಲದವರಿಗೂ 'ಗೃಹಭಂಗ'ದ ಕೊನೆಯ ಪುಟಗಳಲ್ಲಿ ಚಿಕ್ಕ ಹೆಜ್ಜೆಯ ಸದ್ದು ಕೇಳುತ್ತದೆ.

ತೆಲುಗು ಓದಬಲ್ಲ ಧನ್ವಾಡದ ಓದುಗರಿಗೆ ಇಲ್ಲಿ ತ್ರಿಪುರನೇನಿ ಗೋಪಿಚಂದರ 'ಅಸಮರ್ಥುನಿ ಜೀವಯಾತ್ರ' ನೆನಪಾಗಬಹುದು. 1940ರ ದಶಕದ ಆ ಕಾದಂಬರಿಯ ಸೀತಾರಾಮರಾವು ಮನೆತನದ ಮರ್ಯಾದೆಯ ಹೆಸರಿನಲ್ಲಿ ಆಸ್ತಿ ಕರಗಿಸುತ್ತಾನೆ, ಲೋಕದ ಜೊತೆ ಹೊಂದಲಾರದೆ ತನ್ನೊಳಗೇ ಕುಸಿಯುತ್ತಾನೆ. ಅವನಿಗೆ ತನ್ನ ಅಸಮರ್ಥತೆ ಗೊತ್ತು, ಅದೇ ಅವನ ಹಿಂಸೆ. ಚೆನ್ನಿಗರಾಯನಿಗೆ ಗೊತ್ತಿಲ್ಲ, ಅದು ಮನೆಯವರ ಹಿಂಸೆ.

ಹೆಣ್ಣುಮಕ್ಕಳ ಕಥೆಗೆ ಬಂದರೆ 'ಒಲ್ಲೆ' ಎಂಬ ಪದಕ್ಕೇ ಜಾಗ ಕಿರಿದಾಗುತ್ತದೆ. ಎಂ. ಕೆ. ಇಂದಿರಾ ತಮ್ಮ ಮನೆತನದ ಹಿರಿಯ ಹೆಂಗಸೊಬ್ಬರ ಬದುಕನ್ನು ಆಧರಿಸಿ 1976ರಲ್ಲಿ ಪ್ರಕಟಿಸಿದ 'ಫಣಿಯಮ್ಮ' ಮಲೆನಾಡಿನ ಬಾಲವಿಧವೆಯ ಕಥೆ. ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದಾಗ ಇನ್ನಷ್ಟು ಜನಕ್ಕೆ ತಲುಪಿತು. ಆಟದ ವಯಸ್ಸಿನಲ್ಲಿ ಮದುವೆ, ಆಟದ ವಯಸ್ಸಿನಲ್ಲೇ ವೈಧವ್ಯ. ಆ ಮಗು ಮೈನೆರೆದಾಗ, ಅಂದರೆ ಊರಿನ ಮಾತಿನಲ್ಲಿ 'ದೊಡ್ಡವಳಾದಾಗ', ಆರತಿಯ ಬದಲು ಕ್ಷೌರಿಕ ಬರುತ್ತಾನೆ. ದೊಡ್ಡವಳಾದ ದಿನವೇ ದೊಡ್ಡವಳಾಗುವ ದಾರಿಯೆಲ್ಲ ಮುಚ್ಚುತ್ತದೆ. ಅಲ್ಲಿಂದ ಮುಂದೆ ನೂರು ದಾಟುವವರೆಗೆ ಅವಳು ದುಡಿಯುತ್ತಾಳೆ. ಎಲ್ಲರ ಬಾಣಂತನ, ಎಲ್ಲರ ಹಪ್ಪಳ ಸಂಡಿಗೆ, ಎಲ್ಲರ ಮಕ್ಕಳು. ಮುಂದೆ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಲ್ಲೆ ಎಂದು ಹಟ ಹಿಡಿದಾಗ ಅವಳ ಪರ ನಿಲ್ಲುವವಳು ಈ ಫಣಿಯಮ್ಮನೇ. ತನ್ನ ಪಾಲಿಗೆ ದಕ್ಕದ ವಯಸ್ಸನ್ನು ಇನ್ನೊಬ್ಬಳಿಗಾದರೂ ಉಳಿಸಿಕೊಡುತ್ತಾಳೆ. ಪೂರುವಿನ ಕಥೆಯನ್ನು ತಿರುಗಿಸಿ ಬರೆದದ್ದು ಎಲ್ಲಾದರೂ ಇದ್ದರೆ ಈ ಪುಟಗಳಲ್ಲಿದೆ. ಕನ್ನಡದಲ್ಲಿ ಇದಕ್ಕಿಂತ ಸದ್ದಿಲ್ಲದ ಧೈರ್ಯ ಸಿಗುವುದು ಕಷ್ಟ.

ಗಡಿಯ ಇನ್ನೊಂದು ತುದಿಯಾದ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ 1981ರಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬರೆದ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾಳಿಗೂ 'ಒಲ್ಲೆ' ಎನ್ನಲು ಜಾಗವಿಲ್ಲ. ಅವಳ ಮದುವೆ, ತಲಾಖು, ಮರುಮದುವೆಯ ಷರತ್ತು ಎಲ್ಲವನ್ನೂ ಅಪ್ಪನ ಹಟ ತೀರ್ಮಾನಿಸುತ್ತದೆ. ಕೊನೆಗೆ ಮಸೀದಿಯ ಕೊಳದ ನೀರು. ಹಟಮಾರಿ ಅಪ್ಪ ಮೊಹಮ್ಮದ್ ಖಾನನೂ ತನ್ನ ಸಿಟ್ಟನ್ನು ಮೀರಿ ಬೆಳೆಯದ ಮನುಷ್ಯನೇ.

ಇಷ್ಟು ಹೇಳಿದ ಮೇಲೆ, ಬೆಳೆಯದಿರುವುದೆಲ್ಲ ತಪ್ಪು ಎಂಬ ತೀರ್ಪು ಕೊಟ್ಟಂತಾಯಿತೇ? ಕನ್ನಡದ ಇಬ್ಬರು ದೊಡ್ಡ ಲೇಖಕರು ಹಾಗೆ ತೀರ್ಪು ಕೊಡದಂತೆ ತಡೆಯುತ್ತಾರೆ.

ಯು. ಆರ್. ಅನಂತಮೂರ್ತಿಯವರ ನೀಳ್ಗತೆ 'ಸೂರ್ಯನ ಕುದುರೆ' ಕಾದಂಬರಿಯಲ್ಲದಿದ್ದರೂ ಇಲ್ಲಿ ಬಿಡುವಂಥದ್ದಲ್ಲ. ಪೇಟೆ ಸೇರಿ, ಓದಿ, ಬರೆದು, ಮನಸ್ಸು ಒಣಗಿಸಿಕೊಂಡ ಅನಂತು ಊರಿಗೆ ಬಂದಾಗ ಬಾಲ್ಯದ ಗೆಳೆಯ ಹಡೆ ವೆಂಕಟ ಸಿಗುತ್ತಾನೆ. ಊರಿನ ಲೆಕ್ಕದಲ್ಲಿ ವೆಂಕಟ ಯಾವುದಕ್ಕೂ ಬಾರದವನು. ಆದರೆ ಅನಂತುವನ್ನು ಮನೆಗೆ ಕರೆದೊಯ್ದು ಅವನು ಎಣ್ಣೆ ತಿಕ್ಕಿ ನೀರು ಹಾಕುವ ಭಾಗ ಓದಿದವರು ಮರೆಯಲಾರರು. ವೆಂಕಟನ ಅಂಗೈಗೆ ತಿಳಿದಿರುವುದು ಅನಂತುವಿನ ಪುಸ್ತಕಗಳಿಗೆ ತಿಳಿದಿಲ್ಲ. ಹುಲ್ಲಿನ ಮೇಲೆ ಕುಳಿತ ಒಂದು ಹುಳವನ್ನು ಮಗುವಿನ ಬೆರಗಿನಿಂದ ನೋಡಬಲ್ಲ ಈ ಮನುಷ್ಯ ದೊಡ್ಡವನಾಗಿದ್ದರೆ ಲೋಕಕ್ಕೆ ನಷ್ಟವಾಗುತ್ತಿತ್ತು ಎಂದು ಕಥೆ ನಂಬಿಸುತ್ತದೆ. ಅದೇ ಹೊತ್ತಿಗೆ ಹೆಂಡತಿಯ ದಣಿವು, ಮಗನ ಸಿಟ್ಟು ಒಳಗಿನಿಂದ ಕೇಳುತ್ತಲೇ ಇರುತ್ತವೆ. ಅನಂತಮೂರ್ತಿ ಬೆರಗನ್ನೂ ಅದರ ಬೆಲೆಯನ್ನೂ ಒಂದೇ ಮನೆಯೊಳಗಿಟ್ಟರು. ಈ ಕಾರಣಕ್ಕೆ ಆ ಕಥೆ ಇನ್ನೂ ಹಳತಾಗಿಲ್ಲ.

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಇನ್ನೂ ಮುಂದೆ ಹೋಗುತ್ತದೆ. ಮೂಡಿಗೆರೆ ಕಡೆಯ ಮಂದಣ್ಣ ಜೇನು ಹುಡುಕುತ್ತ, ಕಾಡು ಅಲೆಯುತ್ತ ಇರುವ ಉಡಾಳ. ಒಂದು ನೌಕರಿ ಸಿಕ್ಕರೆ ಮದುವೆಯಾದೀತು ಎಂಬುದು ಅವನ ಚಿಂತೆ. ಊರು ಅವನಿಂದ ಬಯಸುವ ದೊಡ್ಡತನವೂ ಅಷ್ಟೇ. ಆದರೆ ಹಾರುವ ಓತಿಯ ಸುಳಿವು ಹತ್ತಿದ್ದು ಅವನ ಕಣ್ಣಿಗೆ. ವಿಜ್ಞಾನಿ ಕರ್ವಾಲೊ ಮಾತ್ರ ಮಂದಣ್ಣನಲ್ಲಿ ಹುಟ್ಟು ನಿಸರ್ಗವಿಜ್ಞಾನಿಯನ್ನು ಕಾಣುತ್ತಾರೆ. ಬೆಳೆದವರು ನೋಡುವುದನ್ನು ನಿಲ್ಲಿಸಿರುತ್ತಾರೆ, ಮಂದಣ್ಣ ನಿಲ್ಲಿಸಿಲ್ಲ. ಇಲ್ಲಿಯೂ ಒಂದು ಮಾತು ಗಮನಿಸಬೇಕು: ಮಂದಣ್ಣನಿಗೆ ಕರ್ವಾಲೊ ಸಿಕ್ಕರು. ಅವನ ಚಿಕ್ಕತನವನ್ನು ಕಾಯುವ, ಅದಕ್ಕೊಂದು ಕೆಲಸ ಹಚ್ಚುವ ದೊಡ್ಡವರೊಬ್ಬರಿದ್ದರು.

ಆರ್. ಕೆ. ನಾರಾಯಣ್ 1935ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ 'ಸ್ವಾಮಿ ಮತ್ತು ಗೆಳೆಯರು' ಕಾದಂಬರಿಯನ್ನು ಕನ್ನಡಿಗರು ತಮ್ಮದೇ ಎಂದುಕೊಂಡಿದ್ದಾರೆ. ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಅದನ್ನು ಮನೆಮನೆಗೆ ತಂದಿತು. ಶಾಲೆ ಒಲ್ಲದ, ಲೆಕ್ಕ ಒಲ್ಲದ, ಓಡಿಹೋಗಿ ಕಾಡಿನಲ್ಲಿ ದಾರಿ ತಪ್ಪುವ ಸ್ವಾಮಿಯ ಬಾಲ್ಯ ಮುಗಿಯುವುದು ರೈಲ್ವೆ ಪ್ಲಾಟ್‌ಫಾರ್ಮಿನ ಮೇಲೆ. ಗೆಳೆಯ ರಾಜಂ ಊರು ಬಿಟ್ಟು ಹೊರಟಿದ್ದಾನೆ. ಸ್ವಾಮಿ ಅವನಿಗೆ ಕೊಡಲು ತಂದದ್ದು ಆಂಡರ್ಸನ್ನನ ಕಿನ್ನರಕಥೆಗಳ ಪುಸ್ತಕ. ರೈಲು ಚಲಿಸುತ್ತದೆ. ರಾಜಂ ಸಿಟ್ಟು ಬಿಟ್ಟನೋ ಇಲ್ಲವೋ ಸ್ವಾಮಿಗೆ ಕೊನೆಗೂ ಖಚಿತವಾಗುವುದಿಲ್ಲ. ಕಿನ್ನರಕಥೆಯ ಪುಸ್ತಕ ಕೈಬಿಟ್ಟು ಹೋಗುವ ಆ ಗಳಿಗೆ ಸಾಕು, ಬೇರೆ ವಿವರಣೆ ಬೇಡ.

ಈ ಶತಮಾನದಲ್ಲಿ ವಿಷಯ ಬೇರೆ ರೂಪ ತಾಳಿತು. ವಿವೇಕ ಶಾನಭಾಗರ 'ಘಾಚರ್ ಘೋಚರ್' 2013ರಲ್ಲಿ ಬಂದಾಗ ಚೆನ್ನಿಗರಾಯನ ಮೊಮ್ಮಗನಂಥವನು ಬೆಂಗಳೂರಿನ ಕಾಫಿಹೌಸಿನಲ್ಲಿ ಕುಳಿತಿದ್ದ. ಒರಟುತನವಿಲ್ಲ, ಬೈಗುಳವಿಲ್ಲ; ಸಭ್ಯ, ಓದಿದವನು, ಸೂಕ್ಷ್ಮ ಮನಸ್ಸಿನವನು. ಹೆಸರಿಲ್ಲದ ಈ ನಿರೂಪಕ ಸೋನಾ ಮಸಾಲ ಕಂಪನಿಯಲ್ಲಿ ಹೆಸರಿಗಷ್ಟೇ ಡೈರೆಕ್ಟರ್. ದುಡಿಯುವವನು ಚಿಕ್ಕಪ್ಪ. ಇಡೀ ಮನೆ ಚಿಕ್ಕಪ್ಪನ ಊಟ, ನಿದ್ದೆ, ಮನಸ್ಸಿನ ಸುತ್ತ ಸುತ್ತುತ್ತದೆ. ಹಿಂದೆ ಇರುವೆ ತುಂಬಿದ ಚಿಕ್ಕ ಮನೆಯಲ್ಲಿ ಎಲ್ಲರೂ ಸೇರಿ ಖರ್ಚಿನ ಲೆಕ್ಕ ಹಾಕುತ್ತಿದ್ದವರು ದುಡ್ಡು ಬಂದ ಮೇಲೆ ದೊಡ್ಡ ಮನೆಯಲ್ಲಿ ಚಿಕ್ಕವರಾಗಿಬಿಟ್ಟರು. ಹೊರಗಿನಿಂದ ಬಂದ ಹೆಂಡತಿ ಅನಿತಾ ಒಬ್ಬಳೇ, ನೀನು ಏನು ಕೆಲಸ ಮಾಡುತ್ತೀಯ ಎಂದು ಗಂಡನನ್ನು ಕೇಳುವವಳು. ದೊಡ್ಡವರು ದೊಡ್ಡವರಿಗೆ ಕೇಳುವ ಪ್ರಶ್ನೆ ಅದು.

ಶೀರ್ಷಿಕೆಯ ಶಬ್ದವೂ ಮಕ್ಕಳದೇ. ಅನಿತಾ ಮತ್ತು ಅವಳ ತಮ್ಮ ಬಾಲ್ಯದಲ್ಲಿ ಗಂಟುಬಿದ್ದ ದಾರಕ್ಕೆ ಕಟ್ಟಿಕೊಂಡ ಹೆಸರು ಅದು. ಯಾವ ನಿಘಂಟಿನಲ್ಲೂ ಇಲ್ಲ. ಅವಳು ಅದನ್ನು ಗಂಡನಿಗೆ ಪ್ರೀತಿಯಿಂದ ಹೇಳಿಕೊಟ್ಟಳು. ಆಟದ ಆ ಮಾತು ಕಾದಂಬರಿ ಮುಂದುವರಿದಂತೆ ಬಿಡಿಸಲಾಗದ ಒಂದು ಭೀತಿಯ ಹೆಸರಾಗುತ್ತದೆ. ಕೊನೆಯಲ್ಲಿ ಅನಿತಾ ಎಲ್ಲಿ ಎಂಬ ಪ್ರಶ್ನೆ ಓದುಗನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಚಿತ್ರಲೇಖೆ ಎಲ್ಲರ ಕಣ್ಣೆದುರು ವಿಷ ಕುಡಿದಳು, ನಂಜಮ್ಮ ಊರೆದುರು ಸತ್ತಳು. ಇಲ್ಲಿ ಏನಾಯಿತೆಂದು ಯಾರೂ ಬಾಯಿ ಬಿಡುವುದಿಲ್ಲ, ಕಾಫಿ ತಣ್ಣಗಾಗುತ್ತದೆ. ಪ್ರಶ್ನೆ ಕೇಳಿದ ಸೊಸೆಯೇ ಬೆಲೆ ತೆರುವುದು ಮೂರೂ ಕಡೆ ಒಂದೇ.

ಈಗ ಕೃಷ್ಣೆಯ ದಡದ ಈ ಸೀಮೆಗೆ ಮರಳಬಹುದು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ರಾಯಚೂರು ಜಿಲ್ಲೆ ಮೈಸೂರಿಗೆ ಸೇರಿತು, ಗದ್ವಾಲ ಮತ್ತು ಆಲಂಪುರ ತಾಲೂಕುಗಳನ್ನು ಬಿಟ್ಟು. ಅವು ಮೆಹಬೂಬನಗರದ ಜೊತೆ ಆಂಧ್ರಕ್ಕೆ ಬಂದವು. ನಾರಾಯಣಪೇಟೆ, ಮಕ್ತಲ್ ಮೊದಲೇ ಮೆಹಬೂಬನಗರದಲ್ಲಿದ್ದವು. ಮನೆಯಲ್ಲಿ ಕನ್ನಡ, ಬಸ್‌ಸ್ಟ್ಯಾಂಡಿನಲ್ಲಿ ತೆಲುಗು, ಹಳೆಯ ದಸ್ತಾವೇಜಿನಲ್ಲಿ ಉರ್ದು. 2019ರ ಫೆಬ್ರವರಿಯಲ್ಲಿ ನಾರಾಯಣಪೇಟೆಯೇ ಜಿಲ್ಲೆಯಾಯಿತು. ಈ ನೆಲದ ಹಳೆಯ ಹೆಸರು ಪಾಲಮೂರು, ಆ ಹೆಸರು ದೇಶದ ಅಣೆಕಟ್ಟು, ಕಾಲುವೆ, ರಸ್ತೆ ಕಾಮಗಾರಿಗಳಲ್ಲೆಲ್ಲ 'ಪಾಲಮೂರು ಲೇಬರ್' ಎಂದೇ ಕೇಳಿಬಂತು. ಮಳೆ ಕೈಕೊಟ್ಟ ವರ್ಷ ಗಂಡ ಹೆಂಡತಿ ಮೇಸ್ತ್ರಿಯಿಂದ ಮುಂಗಡ ಹಿಡಿದು ಹೊರಟರೆ ಊರಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಆ ಮಕ್ಕಳಲ್ಲಿ ಹಿರಿಯವಳು ಅವತ್ತಿನಿಂದ ಅವ್ವ. ಹತ್ತು ವರ್ಷದವಳು ರೊಟ್ಟಿ ಬಡಿಯುತ್ತಾಳೆ, ತಮ್ಮನನ್ನು ಶಾಲೆಗೆ ಕಳಿಸುತ್ತಾಳೆ, ಅಜ್ಜನ ಗುಳಿಗೆ ನೆನಪಿಡುತ್ತಾಳೆ. ಇಲ್ಲಿ ಅಪ್ಪ ಅವ್ವ ಯಯಾತಿಯರಲ್ಲ. ಅವರೂ ಹೊತ್ತವರೇ. ಅವರ ಹೆಗಲಿನಿಂದ ಉಳಿದದ್ದು ಮಗಳ ಹೆಗಲಿಗೆ ಬಂದಿರುತ್ತದೆ.

ಗದ್ವಾಲ ಸೀಮೆಯ ಹತ್ತಿಬೀಜದ ಹೊಲಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ಹೈಬ್ರಿಡ್ ಹತ್ತಿಗೂ ಕನ್ನಡಕ್ಕೂ ನಂಟು ಹಳೆಯದು. 1972ರಲ್ಲಿ 'ವರಲಕ್ಷ್ಮಿ' ತಳಿ ರೂಪಿಸಿದವರು ಧಾರವಾಡದ ಡಾ. ಬಿ. ಎಚ್. ಕಟರ್ಕಿ. ಹೈಬ್ರಿಡ್ ಬೀಜ ತೆಗೆಯುವುದು ಯಂತ್ರದ ಕೆಲಸವಲ್ಲ. ಹೆಣ್ಣು ಸಾಲಿನ ಗಿಡದಲ್ಲಿ ನಾಳೆ ಅರಳಲಿರುವ ಮೊಗ್ಗನ್ನು ಇಂದು ಸಂಜೆ ಗುರುತಿಸಬೇಕು. ಎಸಳು ಬಿಡಿಸಿ, ಕೇಸರಗಳನ್ನು ಉಗುರಿನಿಂದ ತೆಗೆದು, ಶಲಾಕೆ ಮುರಿಯದಂತೆ ಉಳಿಸಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವು ತಂದು ಅದರ ಪರಾಗವನ್ನು ಶಲಾಕೆಯ ತುದಿಗೆ ಸವರಬೇಕು. ಒಂದೊಂದು ಹೂವಿಗೂ ಇಷ್ಟು ಕೆಲಸ, ಹಲವು ವಾರಗಳ ಕಾಲ, ದಿನಾ ಸಂಜೆ, ದಿನಾ ಬೆಳಿಗ್ಗೆ. ರೈತರು ಇದಕ್ಕೆ 'ಕ್ರಾಸಿಂಗ್' ಎನ್ನುತ್ತಾರೆ. ಚಿಕ್ಕ ಬೆರಳು ಬೇಕು, ಗಿಡದ ಎತ್ತರಕ್ಕೆ ಹೊಂದುವ ಮೈ ಬೇಕು ಎಂಬ ನೆಪ ಹೇಳಿ ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಹಚ್ಚುತ್ತಿದ್ದುದನ್ನು ಸಂಶೋಧಕರೂ ಮಕ್ಕಳ ಹಕ್ಕಿನ ಕಾರ್ಯಕರ್ತರೂ ವರ್ಷಗಟ್ಟಲೆ ಎತ್ತಿ ತೋರಿಸಿದ್ದಾರೆ. ಎಂ. ವಿ. ಫೌಂಡೇಶನ್ ಮೂಲಕ ದುಡಿಯುವ ಮಕ್ಕಳನ್ನು ಶಾಲೆಗೆ ತಂದ ಶಾಂತಾ ಸಿನ್ಹಾ ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಇಂಥ ಕೆಲಸಕ್ಕಾಗಿಯೇ. 2010ರ ಏಪ್ರಿಲ್‌ನಿಂದ ಶಿಕ್ಷಣ ಹಕ್ಕಿನ ಕಾಯ್ದೆ ಇದೆ. 2016ರ ತಿದ್ದುಪಡಿ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ಎಲ್ಲ ಕಡೆ ನಿಷೇಧಿಸಿದರೂ ಶಾಲೆ ಬಿಟ್ಟ ಮೇಲೆ ಮನೆಯವರ ಕಸುಬಿಗೆ ನೆರವಾಗಬಹುದು ಎಂದು ಒಂದು ಬಾಗಿಲು ಬಿಟ್ಟಿತು. ರಾಟಿಯ ಮುಂದಿನ ಮಗು, ಸ್ವಂತ ಹೊಲದ ಹತ್ತಿಯ ನಡುವಿನ ಮಗು ಆ ಬಾಗಿಲಲ್ಲಿ ನಿಂತಿವೆ.

ಬೆಳೆಯಲು ಒಲ್ಲೆ ಎನ್ನುವ ಹಕ್ಕು ಈ ಮಕ್ಕಳಿಗೂ ಇದೆ. ಈ ಹೊಲಗಳಿಂದ ಕನ್ನಡಕ್ಕೆ ಒಂದು ಕಾದಂಬರಿ ಬರಬೇಕು ಎಂಬುದು ಈ ಉಪನ್ಯಾಸದ ಆಸೆ, ಅದನ್ನು ಬರೆಯಬೇಕಾದವರು ಇಲ್ಲಿನ ಶಾಲೆಗಳಲ್ಲೇ ಓದುತ್ತಿರಬಹುದು. ಮೊದಲ ಪುಟಕ್ಕೆ ಸಾಮಗ್ರಿ ಎದುರಿಗೇ ಇದೆ. ಬೆಳಗಿನ ಇಬ್ಬನಿ ಇನ್ನೂ ಆರಿಲ್ಲ. ಹುಡುಗಿಯ ಮಡಿಲಲ್ಲಿ ಗಂಡು ಹೂವುಗಳಿವೆ, ಸೊಂಟದ ಎತ್ತರಕ್ಕೆ ಗಿಡಗಳ ಸಾಲು ಮುಗಿಯದಷ್ಟು ಉದ್ದ. ಶಾಲೆಯ ಗಂಟೆ ದೂರದಲ್ಲಿ ಕೇಳುತ್ತದೆ. ಹತ್ತಿಯ ಹೂವು ಬೆಳಿಗ್ಗೆ ಅರಳಿದಾಗ ಕೆನೆಬಣ್ಣ, ಮರುದಿನಕ್ಕೆ ಕೆಂಪಡರಿ ಬಾಡುತ್ತದೆ. ಅದರೊಳಗೆ ಅವಳು ಈ ಸಾಲು ಮುಗಿಸಬೇಕು.